ಇಲ್ಲಂ ಸಾಲಿನಲ್ಲಿ ನಿಂತ ಭಾನುವಾರ

ನಮ್ಮ ಮನೆಯ ಮಿಕ್ಸಿ ಇವತ್ತಿಗೂ ಫ್ರಾಕು ತೊಟ್ಟುಕೊಂಡೇ ಕೂತಿದೆ. ಮಿಕ್ಸಿ ಬದಲಾಗಿದೆ, ಇದು ಮೂರನೆಯದು. ಫ್ರಾಕು ಮಾತ್ರ ಅದೇ. ತಿಳಿನೀಲಿ ಬಟ್ಟೆ, ಮೇಲೆ ಹಳದಿ ಹೂವು. ಹತ್ತಿರ ಹೋಗಿ ನೋಡಿದರೆ ಹೂವು ಒಂದು ಕಡೆ, ಹೂವಿನ ಗೆರೆ ಇನ್ನೊಂದು ಕಡೆ. ಅಚ್ಚು ಹಾಕುವಾಗ ಬಟ್ಟೆ ಚೂರು ಜರುಗಿತ್ತಂತೆ. ಕಣ್ಣಲ್ಲಿ ನೀರು ತುಂಬಿಕೊಂಡು ಹೂದೋಟ ನೋಡಿದರೆ ಹೇಗೆ ಕಾಣುತ್ತದೋ ಹಾಗೆ. ಹೋದ ತಿಂಗಳು ಮನೆಗೆ ಬಂದ ಗೆಳತಿಯೊಬ್ಬಳು, "ಇದನ್ನ ಎಸೆದು ಮಿಕ್ಸಿಗೆ ಒಂದು ಒಳ್ಳೇ ಕವರ್ ತಗೊಳ್ಳೇ" ಎಂದಳು. "ಅದು ಮಿಕ್ಸಿದಲ್ಲ, ನಂದು" ಎಂದೆ. ಅವಳು ನನ್ನನ್ನೊಮ್ಮೆ, ಮಿಕ್ಸಿಯನ್ನೊಮ್ಮೆ ನೋಡಿ ಕಾಫಿ ಕುಡಿದು ಮುಗಿಸಿದಳು. ಅವಳಿಗೆ ಹೇಳದೆ ಉಳಿಸಿಕೊಂಡದ್ದನ್ನು ನಿಮಗೆ ಹೇಳಿಬಿಡುತ್ತೇನೆ.

ನಾವು ತಮಿಳುನಾಡಿನ ಹೊಸೂರಿಗೆ ಬಂದದ್ದು ಎರಡು ಸಾವಿರದ ಇಸವಿಯ ಆಚೀಚೆ. ಅಪ್ಪನಿಗೆ ಅಲ್ಲೊಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಮಾಗಡಿ ಕಡೆಯ ಹಳ್ಳಿಯಿಂದ ಅಮ್ಮ, ನಾನು ಮತ್ತು ಒಂದು ಹೊಲಿಗೆ ಮಿಷನ್ನು ಅವನ ಹಿಂದೆ ಬಂದೆವು. ತಳಿ ರಸ್ತೆಗೆ ಸೇರುವ ಒಂದು ಬೀದಿಯಲ್ಲಿ ಬಾಡಿಗೆ ಮನೆ. ಬೀದಿಯ ಕೊನೆಗೆ ಹೆಂಚಿನ ಉದ್ದನೆಯ ಕಟ್ಟಡ, ಅದರ ಮುಂದೆ ಒಂದು ಹೊಂಗೆಮರ, ಗೇಟಿನ ಮೇಲೆ ತಮಿಳಿನ ಬೋರ್ಡು. ಅಪ್ಪ ಅಮ್ಮ ಇಲ್ಲದ, ಇದ್ದೂ ಸಾಕಲಾಗದ ಮನೆಗಳ ಹೆಣ್ಣುಮಕ್ಕಳು ಅಲ್ಲಿ ಇರುತ್ತಿದ್ದರು. ಬೀದಿಯವರೆಲ್ಲ ಅದನ್ನು ಇಲ್ಲಂ ಅನ್ನುತ್ತಿದ್ದರು.

ಬಂದ ಮೊದಲ ವಾರ ಅಮ್ಮ ಅಪ್ಪನನ್ನು ಕೇಳಿದಳು, "ಅದೇನ್ರೀ, ಎಲ್ಲಾರೂ ಆ ಮನೆ ತೋರ್ಸಿ ಇಲ್ಲ ಇಲ್ಲ ಅಂತಾರೆ? ಏನಿಲ್ಲ ಅಲ್ಲಿ?"

"ತಮಿಳಿನಾಗೆ ಇಲ್ಲಂ ಅಂದ್ರೆ ಮನೆ ಅಂತ ಕಣೆ."

ಅಮ್ಮ, "ಮನೆ ಇಲ್ದೋರ ಮನೆ. ಎರಡೂ ಭಾಷೇಲೂ ಸರಿಯಾಗೇ ಐತೆ ಬುಡಿ" ಎಂದಳು. ಅಮ್ಮನಿಗೆ ತಮಿಳು ಬಂದದ್ದು ಹೀಗೆ, ಒಂದೊಂದು ಪದಕ್ಕೂ ಜಗಳ ಆಡಿ.

ಇಲ್ಲಂ ನೋಡಿಕೊಳ್ಳುತ್ತಿದ್ದ ವಾರ್ಡನ್ ಹೆಸರು ಸೆಲ್ವಿಯಮ್ಮ. ಎತ್ತರದ ಹೆಂಗಸು, ಧರ್ಮಪುರಿಯವರು. ಮಾತು ಅರ್ಧ ತಮಿಳು, ಅರ್ಧ ನಮ್ಮ ಕನ್ನಡ. ಒಂದು ದಿನ ಅವರು ಮನೆಗೆ ಬಂದು ಅಮ್ಮನನ್ನು ಕರೆದುಕೊಂಡು ಹೋಗಿ ಒಂದು ಬೇಲು ಬಟ್ಟೆ ತೋರಿಸಿದರು. ಪರದೆ ಬಟ್ಟೆ ಮಾಡುವ ಯಾರೋ ಪುಣ್ಯಾತ್ಮರು, ಅಚ್ಚು ತಪ್ಪಿ ಪರದೇಶಕ್ಕೆ ಹೋಗದೆ ಉಳಿದ ಬಟ್ಟೆಯನ್ನು ಮಕ್ಕಳಿಗೆಂದು ಕಳಿಸಿದ್ದರು. ಆ ವರ್ಷ ಅಮ್ಮ ಇಲ್ಲಮ್ಮಿಗೆ ಏನೇನು ಹೊಲಿಯಬಹುದೋ ಅಷ್ಟನ್ನೂ ಅದರಲ್ಲೇ ಹೊಲಿದಳು. ಮೂವತ್ತೆಂಟು ಫ್ರಾಕು, ದಿಂಬಿನ ಚೀಲ, ಪುಸ್ತಕದ ಚೀಲ, ಕಿಟಕಿಯ ಪರದೆ. ಪರದೆಯ ಮುಂದೆ ಹುಡುಗಿಯೊಬ್ಬಳು ನಿಂತರೆ ಮುಖ ಒಂದೇ ಕಾಣುತ್ತಿತ್ತು, ಮೈಯೆಲ್ಲ ಕಿಟಕಿಗೆ ಸೇರಿಹೋಗುತ್ತಿತ್ತು. ಊರಲ್ಲಿ ಎಲ್ಲೇ ಆ ನೀಲಿ ಕಂಡರೂ ಜನ "ಇಲ್ಲಂ ಮಗು" ಅನ್ನುತ್ತಿದ್ದರು. ಬಸ್ಸಿನ ಕಂಡಕ್ಟರುಗಳು ಟಿಕೆಟ್ ಕೇಳುತ್ತಿರಲಿಲ್ಲ, ಅಂಗಡಿಯವರು ಮೇಲೊಂದು ಕಡ್ಲೆಮಿಠಾಯಿ ಕೊಡುತ್ತಿದ್ದರು.

"ಜಯಾ, ಮಿಕ್ಕಿದ ತುಂಡು ನೀಯೇ ಎಡ್ಕೊ. ಪಾಪ್ಪಾಗೆ ಏನಾದ್ರೂ ತೈಚ್ಚು ಹಾಕು" ಎಂದರು ಸೆಲ್ವಿಯಮ್ಮ. ಜಯಾ ಅಂದರೆ ಅಮ್ಮ, ಪಾಪ್ಪಾ ಅಂದರೆ ನಾನು, ಎಂಟು ವರ್ಷದವಳು. ಅಮ್ಮ ತುಂಡುಗಳನ್ನು ಜೋಡಿಸಿ ನನಗೂ ಒಂದು ಫ್ರಾಕು ಹೊಲಿದಳು. ನಾನು ಎರಡು ದಿನ ಅತ್ತೆ. ಹಾಕಿಕೊಂಡರೆ ಎಲ್ಲರೂ ಇಲ್ಲಂ ಹುಡುಗಿ ಅಂತಾರೆ ಎಂದು. "ಅಂದ್ಕೊಳ್ಲಿ. ಅಂದ್ರೆ ಮೈಗೆ ತೂತು ಬೀಳ್ತದಾ?" ಎಂದಳು ಅಮ್ಮ. ಮೂರನೆಯ ದಿನ ಹಾಕಿಕೊಂಡೆ. ಕಡ್ಲೆಮಿಠಾಯಿಯ ವಿಷಯ ಆಗ ಗೊತ್ತಾಗಿತ್ತು.

ಅಳತೆಗೆ ಬರುತ್ತಿದ್ದ ಹುಡುಗಿಯರಲ್ಲಿ ಮಾದೇವಿ ಎಂಬವಳು ನಮ್ಮ ಮನೆಗೆ ಅಂಟಿಕೊಂಡಳು. ನನಗಿಂತ ಎರಡು ವರ್ಷ ದೊಡ್ಡವಳು, ಜವಳಗಿರಿಯಿಂದ ಒಳಗೆ ಕಾಡಂಚಿನ ಹಳ್ಳಿಯವಳು. ತಾಯಿ ತೀರಿಹೋಗಿದ್ದಳು, ಕಲ್ಲು ಕೆಲಸಕ್ಕೆಂದು ಹೋದ ತಂದೆ ತಿರುಗಿ ಬಂದಿರಲಿಲ್ಲ. ಅಜ್ಜಿಗೆ ಇಬ್ಬರನ್ನು ಸಾಕುವ ಶಕ್ತಿ ಇಲ್ಲದೆ ಮೂರು ವರ್ಷದ ತಮ್ಮನನ್ನು ಇಟ್ಟುಕೊಂಡು ಇವಳನ್ನು ಇಲ್ಲಿ ಬಿಟ್ಟಿದ್ದಳು. ಮಾದೇವಿ ಮಿಷನ್ನಿನ ಪಕ್ಕ ಕೂತು ನೆಲಕ್ಕೆ ಬಿದ್ದ ಗುಂಡುಪಿನ್ನು ಆಯ್ದು ಡಬ್ಬಿಗೆ ಹಾಕುತ್ತಿದ್ದಳು. ಇಡೀ ಇಲ್ಲಮ್ಮಿನಲ್ಲಿ ಅವಳ ಕನ್ನಡಕ್ಕೆ ಕನ್ನಡದಲ್ಲೇ ಉತ್ತರ ಕೊಡುವವರು ಕಡಿಮೆ. ಅಮ್ಮನ ಹತ್ತಿರ ಬಂದರೆ ನಲ್ಲಿ ಬಿಟ್ಟ ಹಾಗೆ ಮಾತಾಡುತ್ತಿದ್ದಳು. ಮಾತೆಲ್ಲ ತಮ್ಮನದೇ. ಅವನು ಮುದ್ದೆಯನ್ನು ನುಂಗದೆ ಅಗಿಯುತ್ತಾನೆ, ಅವನಿಗೆ ಕೋಳಿ ಕಂಡರೆ ಭಯ, ಅವನು ತನ್ನ ಹೆಸರನ್ನು ತಾನೇ ತಪ್ಪು ಹೇಳುತ್ತಾನೆ. ಹೀಗೆ.

ಒಂದು ಭಾನುವಾರ ಇಲ್ಲಂ ಮಕ್ಕಳನ್ನು ಕೃಷ್ಣಗಿರಿ ಡ್ಯಾಮು ತೋರಿಸಲು ಕರೆದುಕೊಂಡು ಹೋಗುವುದಿತ್ತು. ಯಾರೋ ಎರಡು ವ್ಯಾನು ಕೊಟ್ಟಿದ್ದರು. ಬೆಳಿಗ್ಗೆ ಏಳಕ್ಕೆ ಅಮ್ಮ, ಹಿಂದಿನ ದಿನ ಮುಗಿಸಿದ ಎರಡು ಫ್ರಾಕುಗಳನ್ನು ಚೀಲದಲ್ಲಿ ಹಾಕಿ, ಕೊಟ್ಟು ಬಾ ಎಂದು ನನ್ನನ್ನು ಕಳಿಸಿದಳು. ನಾನೂ ನೀಲಿ ಫ್ರಾಕಿನಲ್ಲೇ ಇದ್ದೆ. ಗೇಟಿನ ಹೊರಗೆ ಹುಡುಗಿಯರ ಸಾಲು. ಸೆಲ್ವಿಯಮ್ಮ ಮುಂದಿನ ವ್ಯಾನಿಗೆ ಪುಳಿಯೋಗರೆ ಪಾತ್ರೆ ಹತ್ತಿಸುತ್ತಿದ್ದರು. ಸಾಲಿನ ಕೊನೆಯಲ್ಲಿ ಮಾದೇವಿ.

"ಸುಮಿ, ನೀ ಡ್ಯಾಮು ನೋಡಿದ್ದೀಯಾ?" ಎಂದಳು.

"ಇಲ್ಲ."

"ಹೋಯ್ತೀಯಾ? ನನ್ ಜಾಗದಾಗೆ ನಿಂತ್ಕೊ. ನಂಗೆ ಹೊಟ್ಟೆನೋವು, ಒಳ್ಗೆ ಮಲ್ಕೋತೀನಿ. ಹೇಳಿದ್ರೆ ಸೆಲ್ವಿಯಮ್ಮ ಔಷ್ದಿ ಕುಡ್ಸಿ ಕರ್ಕೊಂಡೋಯ್ತಾರೆ."

"ನಮ್ಮಮ್ಮ ಬೈತಾಳೆ."

"ನಿಮ್ಮಮ್ಮಂಗೆ ನಾ ಹೇಳ್ತೀನಿ. ಚೀಲ ಕೊಡಿಲ್ಲಿ."

ಏನೂ ಅರಿಯದ ಮಗು, ಮೋಸಹೋದೆ ಎಂದು ಇಲ್ಲಿ ಬರೆದುಕೊಳ್ಳಬಹುದು. ನಿಜ ಹಾಗಿಲ್ಲ. ಮಾದೇವಿಗೆ ಹೊಟ್ಟೆನೋವಿಲ್ಲ ಎಂಬುದು ಅವಳ ಮುಖ ನೋಡಿದರೇ ತಿಳಿಯುತ್ತಿತ್ತು. ಪುಳಿಯೋಗರೆಯ ವಾಸನೆ ಬರುತ್ತಿತ್ತು, ವ್ಯಾನಿನಲ್ಲಿ ಕಿಟಕಿ ಪಕ್ಕದ ಜಾಗ ಖಾಲಿ ಕಾಣುತ್ತಿತ್ತು. ನಾನು ಚೀಲ ಕೊಟ್ಟು ಸಾಲಿನಲ್ಲಿ ನಿಂತೆ. ಆ ವಾರವಷ್ಟೇ ಕೆಲಸಕ್ಕೆ ಸೇರಿದ್ದ ಆಯಾ ಒಬ್ಬಳು ತಲೆ ಮುಟ್ಟಿ ಮುಟ್ಟಿ ಎಣಿಸುತ್ತ ಬಂದಳು. "ಮುಪ್ಪತ್ತಾರು, ಮುಪ್ಪತ್ತೇಳು," ನನ್ನ ತಲೆ ಮುಟ್ಟಿ, "ಮುಪ್ಪತ್ತೆಟ್ಟು." ಮೂವತ್ತೆಂಟು. ಲೆಕ್ಕ ಸರಿಯಾಯಿತು. ಅದಕ್ಕಿಂತ ಮೊದಲು ನನ್ನಿಂದ ಯಾವ ಲೆಕ್ಕವೂ ಸರಿಯಾದದ್ದು ನೆನಪಿಲ್ಲ.

ಡ್ಯಾಮು ಬಂತು. ನೀರಿಗಿಂತ ಮೊದಲು ಮೀನು ಕರಿಯುವ ವಾಸನೆ ಬಂತು. ತೋಟದಲ್ಲಿ ಜಾರುಬಂಡೆ ಇತ್ತು. ನಾನು ಆರು ಸಲ ಜಾರಿದೆ. ಉಳಿದ ಹುಡುಗಿಯರಿಗೆ ನಾನು ಯಾರೆಂದು ಗೊತ್ತಿತ್ತು. ಆದರೆ ಅಲ್ಲೊಂದು ಅಲಿಖಿತ ಕಾನೂನು. ಕೇಳದೆ ಯಾರೂ ಯಾರನ್ನೂ ಹಿಡಿದುಕೊಡುವುದಿಲ್ಲ. ಮಧ್ಯಾಹ್ನ ಎಲ್ಲರೂ ಹುಲ್ಲಿನ ಮೇಲೆ ಸಾಲಾಗಿ ಕೂತೆವು. ಸೆಲ್ವಿಯಮ್ಮ ಬಗ್ಗಿ ಬಗ್ಗಿ ಬಡಿಸುತ್ತ ಬಂದರು. ನನ್ನ ಎಲೆಯ ಮೇಲೆ ಸೌಟು ನಿಂತಿತು.

"ನೀ ಜಯಾ ಮಗಳಲ್ಲವಾ?"

ನಾನು ತಲೆ ಆಡಿಸಿದೆ.

"ಮಾದೇವಿ ಎಂಗೆ?" ಎಂದರು. ಎಲ್ಲಿ ಎಂದು.

"ಹೊಟ್ಟೆನೋವಂತೆ. ಮಲಗವಳೆ."

ಅವರು ಸೌಟನ್ನು ಪಾತ್ರೆಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಇಲ್ಲಮ್ಮಿನ ಅಡುಗೆಯವಳಿಗೆ ಫೋನು ಮಾಡಲು ಎಸ್‌ಟಿಡಿ ಬೂತಿನ ಕಡೆ ನಡೆದರು. ತಿರುಗಿ ಬಂದು ಆಯಾಗೆ ಹೇಳಿದ್ದು ನಮಗೂ ಕೇಳಿಸಿತು. ಇಲ್ಲಮ್ಮಿನಲ್ಲಿ ಮಾದೇವಿ ಇಲ್ಲ. ಫ್ರಾಕಿನ ಚೀಲ ಬಾಗಿಲಿಗೆ ನೇತಾಡುತ್ತಿದೆ. ಜಯಮ್ಮ ಮಗಳು ಕಾಣುತ್ತಿಲ್ಲ ಎಂದು ಬೆಳಗಿನಿಂದ ಬೀದಿಬೀದಿ ಅಲೆಯುತ್ತಿದ್ದಾಳೆ. ಊಟ ಅರ್ಧಕ್ಕೇ ಎದ್ದೆವು. ದೋಣಿಯಲ್ಲಿ ಕೂರಿಸುತ್ತೇವೆ ಎಂದು ಹೇಳಿದ್ದರು, ಅದೂ ಇಲ್ಲ. ಹಿಂದಿರುಗುವ ದಾರಿಯಲ್ಲಿ ಮೂವತ್ತೇಳು ಹುಡುಗಿಯರಲ್ಲಿ ಒಬ್ಬಳೂ ನನ್ನನ್ನು ಬೈಯಲಿಲ್ಲ. ಪಕ್ಕದಲ್ಲಿ ಕೂತ ಚಿಕ್ಕವಳೊಬ್ಬಳು ಕೇಳಿದಳು, "ಅಕ್ಕಾ, ಮತ್ತೆ ಯಾವಾಗ ಕರ್ಕೊಂಡು ಬತ್ತಾರೆ?" ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ಅಮ್ಮ ಗೇಟಿನ ಬಳಿ ನಿಂತಿದ್ದಳು. ತಲೆಗೂದಲು ಬಿಚ್ಚಿಹೋಗಿತ್ತು, ಒಂದು ಕಾಲಿನ ಚಪ್ಪಲಿ ಇರಲಿಲ್ಲ. ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿಲ್ಲ, ಅಳಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡಳು, ಅಷ್ಟೆ. ಆಮೇಲೆ ಆ ದಿನವೆಲ್ಲ ಆ ಕೈ ಬಿಡಲೇ ಇಲ್ಲ. ಮಾದೇವಿ ಕಾಣೆಯಾದ ವಿಷಯ ಕೇಳಿ ಮೊದಲು ಮಾತಾಡಿದ್ದೂ ಅವಳೇ.

"ಹೋದ ವಾರ ಪಿನ್ನು ಆಯ್ತಾ ಆಯ್ತಾ ಕೇಳ್ತಿತ್ತು, ಜವಳಗಿರಿ ಬಸ್ಸು ಎಷ್ಟೊತ್ಗೆ ಅಂತ. ನಾನು ಹೇಳ್ಬುಟ್ಟೆ ಸೆಲ್ವಕ್ಕ. ಯಾಕೆ ಅಂತ ಕೇಳ್ಲೇ ಇಲ್ಲ."

ಮಕ್ಕಳನ್ನು ಇಳಿಸಿ ಅದೇ ವ್ಯಾನಿನಲ್ಲಿ ಸೆಲ್ವಿಯಮ್ಮ, ಅಮ್ಮ, ಅಮ್ಮನ ಕೈಗೆ ಅಂಟಿಕೊಂಡ ನಾನು ಹೊರಟೆವು. ತಳಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಕುರುಚಲು ಕಾಡು. ಒಂದು ತಿರುವಿನಲ್ಲಿ ನಾಲ್ಕಾರು ಗಾಡಿಗಳು ನಿಂತಿದ್ದವು. ಆನೆ ದಾಟುತ್ತಿವೆ, ಹಾರ್ನ್ ಮಾಡಬೇಡಿ ಎಂದು ಬೈಕಿನವನೊಬ್ಬ ಕೈಸನ್ನೆ ಮಾಡಿದ. ನಮಗೆ ಆನೆ ಕಾಣಲಿಲ್ಲ, ಬಿದಿರು ಮುರಿಯುವ ಸದ್ದು ಮಾತ್ರ. ಅದನ್ನು ಕೇಳುತ್ತ ಅಮ್ಮ, ಸೆಲ್ವಿಯಮ್ಮ ಇಬ್ಬರೂ ಒಂದೇ ವಿಷಯ ಯೋಚಿಸುತ್ತಿದ್ದರು. ನನಗೂ ಅದೇ ಯೋಚನೆ ಬಂತು. ಬಸ್ಸಿಳಿದು ಮಾದೇವಿಯ ಹಳ್ಳಿಗೆ ಕಾಡಿನ ಕಾಲುದಾರಿಯಲ್ಲಿ ನಡೆಯಬೇಕು ಎಂದು ಅವಳೇ ಹೇಳಿದ್ದಳು. ನಾನು ಮೊದಲ ಸಲ ಅತ್ತದ್ದು ಆಗ. ಸೆಲ್ವಿಯಮ್ಮ ತಿರುಗಿ ನೋಡಿ, "ಅಳಬೇಡ. ನಾನು ಎಣಿಸಬೇಕಿತ್ತು. ನೀನಲ್ಲ" ಎಂದರು.

ಜವಳಗಿರಿಯ ಬಸ್ ನಿಲ್ದಾಣದ ಎದುರು ಒಂದು ಟೀ ಅಂಗಡಿ. ಅದರ ಬೆಂಚಿನ ಮೇಲೆ ನೀಲಿ ಬಟ್ಟೆ ಕಂಡಿತು. ಮಾದೇವಿ ಕೂತಿದ್ದಳು, ಮಡಿಲಲ್ಲಿ ಮೂಗು ಸೋರುವ ಒಂದು ಗಂಡುಮಗು, ಪಕ್ಕದಲ್ಲಿ ನೆಲದ ಮೇಲೆ ಒಬ್ಬ ಮುದುಕಿ. ಅಂಗಡಿಯ ಹೆಂಗಸು ವ್ಯಾನು ನೋಡಿದ್ದೇ ಹೊರಗೆ ಬಂದಳು.

"ನೀವೇನಾ ಹೊಸೂರಿನೋರು? ಕಂಡಕ್ಟ್ರು ಹೇಳ್ಬುಟ್ಟು ಹೋದ, ಇದು ಇಲ್ಲಂ ಮಗು, ಒಂಟಿಯಾಗಿ ಬಂದೈತೆ, ನೋಡ್ಕೊಳಕ್ಕಾ ಅಂತ. ದಾರೀಗೆ ಆನೆ ಇಳ್ದವೆ, ಹೋಗ್ಬ್ಯಾಡ ಅಂತ ಕೂರ್ಸ್ಕೊಂಡಿವ್ನಿ. ನಮ್ಮನೆಯೋರು ಕೆರೆ ಕಡೆಯಿಂದ ಸುತ್ತಾಕ್ಕೊಂಡೋಗಿ ಅಜ್ಜೀನ ಕರ್ಕೊಂಡು ಬಂದ್ರು."

ಮಾದೇವಿ ಎದ್ದು ನಿಂತಳು. ಏಟು ಬೀಳುತ್ತದೆಂದು ತಮ್ಮನನ್ನು ಹಿಂದಕ್ಕೆ ಸರಿಸಿಕೊಂಡಳು. ಸೆಲ್ವಿಯಮ್ಮ ಹೊಡೆಯಲಿಲ್ಲ. ಬೆಂಚಿನ ಮೇಲೆ ಕುಸಿದು ಕೂತು ಕುಡಿಯಲು ನೀರು ಕೇಳಿದರು. ಅರ್ಧ ನೀರು ಬಾಯಿಗೆ, ಅರ್ಧ ಸೀರೆಯ ಮೇಲೆ ಹೋಯಿತು. ಮಾದೇವಿ ನೋಡುತ್ತಲೇ ಇದ್ದಳು. ಸೆಲ್ವಿಯಮ್ಮ ಹೆದರುವವರು ಎಂಬುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

"ಯಾಕೆ ಬಂದೆ?" ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಇವನು ನನ್ನ ಮರ್ತುಬುಟ್ಟಾನು ಅಂತ," ಎಂದಳು ಮಾದೇವಿ. "ಬಂದಾಗ ನನ್ನ ನೋಡಿ ಅತ್ತ. ಗುರ್ತೇ ಸಿಗ್ಲಿಲ್ಲ. ಈಗ ಸಿಕ್ಕೈತೆ."

ಅಮ್ಮನ ಕೈ ನನ್ನ ಮಣಿಕಟ್ಟಿನ ಮೇಲೆ ಬಿಗಿಯಾಯಿತು. ಸೆಲ್ವಿಯಮ್ಮ ಲೋಟ ಕೆಳಗಿಟ್ಟು, "ನಿನಗೆ ಇಲ್ಲೇ ಇರಬೇಕು ಅಂದ್ರೆ ಇರು. ಬಲವಂತ ಇಲ್ಲ. ನಾನು ಅಜ್ಜಿ ಹತ್ತಿರ ಒಂದು ಕಾಗದ ಬರೆಸಿಕೊಂಡು ಹೋಗ್ತೀನಿ" ಎಂದರು.

ಮಾದೇವಿ ಅಜ್ಜಿಯ ಕಡೆ ನೋಡಿದಳು. ಅಜ್ಜಿ ಅವಳನ್ನು ನೋಡಲಿಲ್ಲ. ರಸ್ತೆಯ ಆಚೆ ಏನೋ ಇದೆ ಎಂಬಂತೆ ಅತ್ತ ಮುಖ ತಿರುಗಿಸಿಕೊಂಡು ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಇರು ಎನ್ನಲು ಅವಳ ಮನೆಯಲ್ಲಿ ಏನಿತ್ತೋ ಏನಿರಲಿಲ್ಲವೋ, ಅದು ಮಾದೇವಿಗೆ ಗೊತ್ತಿತ್ತು. ಅವಳು ಬಗ್ಗಿ ಕೂತು ತಮ್ಮನ ಮೂಗು ಒರೆಸಿದಳು. "ಅಳ್ಬ್ಯಾಡ ಕಣ್ಲಾ" ಎಂದಳು. ಆಮೇಲೆ ಎದ್ದು ನಿಂತು, "ಬತ್ತೀನಿ" ಎಂದಳು.

ನಮ್ಮ ಮಾತಿನಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ. ಸೆಲ್ವಿಯಮ್ಮ ಅದನ್ನು ನಿಮ್ಮ ಜೊತೆ ಬರುತ್ತೇನೆ ಎಂದು ಕೇಳಿಸಿಕೊಂಡರು. ಅಜ್ಜಿ ಮತ್ತೆ ಬರುತ್ತೇನೆ ಎಂದು ಕೇಳಿಸಿಕೊಂಡಳು. ಅವಳು ಯಾರಿಗೆ ಹೇಳಿದಳೋ ನನಗೆ ಇವತ್ತಿಗೂ ತಿಳಿಯದು.

ವ್ಯಾನಿನಲ್ಲಿ ತಳಿ ಬರುವವರೆಗೆ ಅವಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಆಮೇಲೆ ನನ್ನ ಕಡೆ ತಿರುಗಿ, "ಡ್ಯಾಮು ಹೆಂಗಿತ್ತು?" ಎಂದಳು. ಜಾರುಬಂಡೆಯ ಗಲಾಟೆಯಲ್ಲಿ ನಾನು ನೀರನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಆದರೂ ಹೇಳಿದೆ, ಅಲೆ, ದೋಣಿ, ಬಾಗಿಲು ತೆರೆದು ನೀರು ಧುಮುಕುವುದು, ಇದ್ದದ್ದು ಇಲ್ಲದ್ದು ಎಲ್ಲ. ಅವಳ ಜಾಗದಲ್ಲಿ ಹೋಗಿ ಬಂದವಳು ಅಷ್ಟಾದರೂ ಕೊಡಬೇಕಿತ್ತು. ಅವಳು ಪೂರ್ತಿ ಕೇಳಿಸಿಕೊಂಡಳು.

ನನಗೆ ಏಟು ಬಿದ್ದದ್ದು ಮಾರನೆಯ ದಿನ. ಎರಡೇ ಏಟು. ಹೊಡೆದ ಮೇಲೆ ಅಮ್ಮ ಮಿಷನ್ನಿನ ಮುಂದೆ ಕೂತು, "ಎಲ್ಲಾರಿಗೂ ಒಂದೇ ಥರ ಹೊಲ್ದು ಹೊಲ್ದು ನಾನೇ ಮಕ್ಕಳ ಗುರ್ತು ಅಳಿಸ್ಬುಟ್ಟೆ" ಎಂದಳು. ಅಂದಿನಿಂದ ಒಂದು ತಿಂಗಳು ಸಂಜೆಯೆಲ್ಲ ಅವಳಿಗೆ ಅದೇ ಕೆಲಸ. ಪೆಟ್ಟಿಗೆಯಲ್ಲಿದ್ದ ರವಿಕೆ ತುಂಡುಗಳನ್ನೆಲ್ಲ ತೆಗೆದು ಮೂವತ್ತೆಂಟು ಫ್ರಾಕಿಗೂ ಬೇರೆ ಬೇರೆ ಜೇಬು ಹೊಲಿದಳು. ಒಬ್ಬಳಿಗೆ ಕೆಂಪು, ಒಬ್ಬಳಿಗೆ ಚೌಕಳಿ, ಒಬ್ಬಳಿಗೆ ಜರಿಯಂಚು. ಸೆಲ್ವಿಯಮ್ಮ ನೋಡಿ, "ಯೂನಿಫಾರಂ ಅಂದ್ರೆ ಒಂದೇ ಥರ ಇರಬೇಕಲ್ಲ ಜಯಾ" ಎಂದರು. ಅಮ್ಮ, "ಬಟ್ಟೆ ಒಂದೇ ಇರ್ಲಿ ಅಕ್ಕಾ, ಜೇಬು ಅವ್ರವ್ರುದು" ಎಂದಳು. ಜರಿಯಂಚಿನ ಜೇಬಿಗಾಗಿ ಹುಡುಗಿಯರಲ್ಲಿ ಒಂದು ವಾರ ಜಗಳ ನಡೆಯಿತು. ಸೆಲ್ವಿಯಮ್ಮ ಅದನ್ನು ಅಮ್ಮನ ಲೆಕ್ಕಕ್ಕೇ ಹಾಕಿ ಬೈದರು.

ಮಾದೇವಿಗೆ ತಿಂಗಳಿಗೊಂದು ಶನಿವಾರ ಊರಿಗೆ ಹೋಗಲು ಅಪ್ಪಣೆ ಸಿಕ್ಕಿತು. ಅಮ್ಮನೋ ಆಯಾನೋ ಜವಳಗಿರಿಯವರೆಗೆ ಹೋಗಿ ಟೀ ಅಂಗಡಿಯಲ್ಲಿ ಬಿಟ್ಟು ಬರುವುದು, ಅಲ್ಲಿಗೆ ಅಜ್ಜಿ ಬರುವುದು. ಹೀಗೆ ಐದು ವರ್ಷ ನಡೆಯಿತು. ತಮ್ಮ ಅವಳನ್ನು ಮರೆಯಲಿಲ್ಲ. ದೊಡ್ಡವನಾದ ಮೇಲೆ ಮಾತ್ರ, ಅಕ್ಕ ಬಂದರೆ ಬರೀ ಓದು ಓದು ಅಂತಾಳೆ ಎಂದು ಬಚ್ಚಿಟ್ಟುಕೊಳ್ಳುತ್ತಿದ್ದನಂತೆ.

ಅವಳು ಹತ್ತನೇ ತರಗತಿಯಲ್ಲಿದ್ದಾಗ ಇಲ್ಲಂ ಮುಚ್ಚಿತು. ನಡೆಸುತ್ತಿದ್ದವರಿಗೆ ವಯಸ್ಸಾಗಿತ್ತು, ಕಟ್ಟಡ ಬಿಟ್ಟುಕೊಡಬೇಕಾಗಿತ್ತು. ಮಕ್ಕಳು ಒಬ್ಬೊಬ್ಬರಾಗಿ ನೆಂಟರ ಮನೆಗೋ ಬೇರೆ ಊರಿನ ಹಾಸ್ಟೆಲ್ಲಿಗೋ ಹೋದರು. ಸೆಲ್ವಿಯಮ್ಮ ಧರ್ಮಪುರಿಯ ತಂಗಿಯ ಮನೆಗೆ ಹೋದರು, ಹೋಗುವಾಗ ನಮ್ಮ ಮನೆಗೆ ಬಂದು ಮಾದೇವಿಯನ್ನು ತೋರಿಸಿ, "ಪರೀಕ್ಷೆಗೆ ಮೂರು ತಿಂಗಳು ಇದೆ. ಊರಿಗೆ ಹೋದ್ರೆ ಓದು ನಿಂತ್ಹೋಗುತ್ತೆ" ಎಂದಷ್ಟೇ ಹೇಳಿದರು. ಅಪ್ಪ ಏನನ್ನೂ ಕೇಳದೆ ಎದ್ದು ಅಟ್ಟದ ಮೇಲಿದ್ದ ಇನ್ನೊಂದು ಚಾಪೆ ಇಳಿಸಿದ.

ಮೂರು ತಿಂಗಳು ಮಾದೇವಿ ನನ್ನ ಪಕ್ಕ ಮಲಗಿದಳು. ನಾನು ಒದೆಯುತ್ತಿದ್ದೆನಂತೆ, ಅಮ್ಮ ಹೇಳಿದ್ದು, ಅವಳು ಹೇಳಲಿಲ್ಲ. ಮೊದಮೊದಲು ಅವಳ ಜೊತೆ ಇರುವುದೇ ಕಷ್ಟವಾಗಿತ್ತು. ನಾವು ಏಳುವ ಹೊತ್ತಿಗೆ ಅವಳು ಚಾಪೆ ಮಡಿಸಿ, ಸ್ನಾನ ಮುಗಿಸಿ, ಗೋಡೆಗೆ ಒರಗದೆ ನೆಟ್ಟಗೆ ಕೂತಿರುತ್ತಿದ್ದಳು. ಇಲ್ಲಮ್ಮಿನಲ್ಲಿ ಏಳಲು ಗಂಟೆ, ಉಣ್ಣಲು ಗಂಟೆ, ಓದಲು ಗಂಟೆ. ನಮ್ಮ ಮನೆಯಲ್ಲಿ ಗಂಟೆಯೇ ಇಲ್ಲದೆ ಅವಳಿಗೆ ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಯಾರಾದರೂ ಉಣ್ಣು ಎನ್ನುವವರೆಗೆ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ತಟ್ಟೆ ತೊಳೆದು ಎಲ್ಲಿಡಲಿ ಎಂದು ದಿನವೂ ಕೇಳುತ್ತಿದ್ದಳು. "ಎಲ್ಲಾನ ಮಡಗವ್ವ, ಕಾಲಿಲ್ಲ ಅದ್ಕೆ, ಎಲ್ಲೂ ಓಡೋಗಲ್ಲ" ಎಂದು ಅಮ್ಮ ಹೇಳಿದರೂ ನಾಳೆ ಮತ್ತೆ ಕೇಳುತ್ತಿದ್ದಳು. ಅಮ್ಮ ಒಮ್ಮೆ ಅಪ್ಪನಿಗೆ, "ಮನೆಗೆ ಬಂದ ನೆಂಟ್ರಂಗೆ ಅವಳೆ" ಎಂದು ಬೇಸರದಿಂದ ಹೇಳಿದ್ದು ಕೇಳಿಸಿತ್ತು.

ಪರೀಕ್ಷೆ ಮುಗಿದ ಮಾರನೆಯ ದಿನ ನಾನು ಎದ್ದಾಗ ಬಿಸಿಲು ಒಳಗೆ ಬಂದಿತ್ತು. ಮನೆ ನಿಶ್ಶಬ್ದವಾಗಿತ್ತು. ಆ ಹೊತ್ತಿಗೆ ಮಿಷನ್ನಿನ ಸದ್ದು ಇರಬೇಕಿತ್ತು, ಇರಲಿಲ್ಲ. ಎದ್ದು ನೋಡಿದರೆ ಅಮ್ಮ ಮಿಷನ್ನಿನ ಮುಂದೆ ಸುಮ್ಮನೆ ಕೂತಿದ್ದಳು. ಸೂಜಿಯ ಕೆಳಗೆ ಅರ್ಧ ಹೊಲಿದ ರವಿಕೆ, ಕಾಲು ಪೆಡಲಿನಿಂದ ಕೆಳಗೆ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟಳು.

ಚಾಪೆಯ ಮೇಲೆ ಮಾದೇವಿ ಮಲಗಿದ್ದಳು. ಕೈಕಾಲು ಎಲ್ಲೆಲ್ಲೋ ಚೆಲ್ಲಿ, ಬಾಯಿ ತೆರೆದುಕೊಂಡು, ನನ್ನ ಹೊದಿಕೆಯನ್ನೂ ಎಳೆದುಕೊಂಡು. ಎಂಟು ಗಂಟೆ ದಾಟಿತ್ತು. ಬಿಸಿಲು ಅವಳ ಕಾಲಿಗೆ ಬಂದು, ಮೊಣಕಾಲಿಗೆ ಏರುತ್ತಿತ್ತು.

ಬಾಗಿಲಲ್ಲಿ ಎದುರುಮನೆಯ ಹೆಂಗಸು ರವಿಕೆಗೆಂದು ಬಂದು ನಿಂತಳು. ಅವಳಿಗೆ ಅಂದೇ ಯಾವುದೋ ಮದುವೆಗೆ ಹೋಗಬೇಕಿತ್ತು.

"ಆಗಿಲ್ವಾ ಜಯಕ್ಕ?" ಎಂದಳು.

ಅಮ್ಮ ಎದ್ದು ಬಾಗಿಲಿಗೆ ಹೋಗಿ ತಗ್ಗಿದ ದನಿಯಲ್ಲಿ ಹೇಳಿದಳು, "ಒಂದ್ಗಳಿಗೆ ಬಿಟ್ಟು ಬಾರಮ್ಮ. ಮಗು ಮಲಗೈತೆ."